ಮೂಸಿ ನೋಡು

ಕಣ್ಣಿಗೆ ಪೊರೆ. ಮೂಗು ಹೋಗಿ ಎರಡು ವರ್ಷ.
"ನಿನಗೆ ಮೂಗಿದೆಯಲ್ಲ ಸಿಸ್ಟರ್, ಮನೆಗೆ ಬಾ"
ಎಂದ ಮರ್ವಿನ್ ಟಕ್‌ವೆಲ್, ಬ್ಯಾಂಡೇಜು ಬಿಚ್ಚಿಸಿಕೊಳ್ಳುತ್ತ.
ವೈಟ್ ಕ್ಲಿಫ್ಸಿನಲ್ಲಿ ಮನೆಗೆ ಹೋಗುವುದೆಂದರೆ ಇಳಿಯುವುದು.
ಓಪಲ್ ಅಗೆದ ಗುಂಡಿಯೇ ಪಡಸಾಲೆ,
ಸುಣ್ಣ ಬಳಿದರೂ ಮಾಯದ ಗುದ್ದಲಿಯ ಹಲ್ಲಿನ ಗುರುತು.
ಮೇಲೆ ನಲವತ್ತಾರು ಡಿಗ್ರಿ.
ಒಳಗೆ ಜನವರಿಯಲ್ಲೂ
ಮಡಕೆಯ ನೀರಿನ ತಂಪು.

ಮೇಜಿನ ಮೇಲೆ ತೋಟಾ ತುಂಬುವ ಯಂತ್ರ,
ನೆನೆಹಾಕಿದ ಕಾಳಿನಂತೆ ಬೋಗುಣಿಯಲ್ಲಿ ಹಿತ್ತಾಳೆಯ ಖಾಲಿ ಕೋಶಗಳು,
ಅಕ್ಕಸಾಲಿ ಆಸೆಪಡುವಂಥ ಒಂದು ತಕ್ಕಡಿ,
ಮತ್ತೆ ಎರಡು ಡಬ್ಬಿ.
ಒಂದೇ ವರ್ಷದವು, ಎಂಬತ್ತೊಂಬತ್ತು. ಒಂದೇ ಬ್ಯಾಚು.
ಒಂದು ಇವನದು, ಕೊಂಡ ದಿನದಿಂದ ಇದೇ ಗೂಡಿನ ಕತ್ತಲಲ್ಲಿ.
ಇನ್ನೊಂದು ಆಲ್ಬಿ ಶ್ರೇಡರನದು.
ಜೊತೆಗೆ ನರಿ ಹೊಡೆಯುತ್ತಿದ್ದವನು,
ಒಂದು ಜನರೇಟರಿನ ಸಲುವಾಗಿ ಮಾತು ಬಿಟ್ಟವನು,
ತಗಡಿನ ಶೆಡ್ಡಿನಲ್ಲಿ ಬಾಳಿದವನು.
ಮಗಳು ಮೊನ್ನೆ ತಂದಿಟ್ಟು ಹೋದಳಂತೆ.

ಡಬ್ಬಿ ತಿರುಗಿಸಿದೆ, ತಳ ನೋಡಿದೆ; ಕ್ಲಿನಿಕ್ಕಿನ ಚಟ.
"ಎಕ್ಸ್‌ಪೈರಿ ಎಲ್ಲಿದೆ?"
"ಬರೆಯುವುದಿಲ್ಲ. ಹತ್ತು ವರ್ಷಕ್ಕೇ ಸತ್ತದ್ದುಂಟು.
ನನ್ನ ಅಪ್ಪನ ಕಾಲದ್ದು ಹೋದ ವರ್ಷ ಹೊಡೆದೆ,
ಗಂಟೆ ಬಾರಿಸಿದಂತೆ ಹೋಯಿತು."

ನನ್ನ ಭಾಷೆಯಲ್ಲಿ ಎಲ್ಲಕ್ಕೂ ಒಂದೇ ಮಾತು, ಎಂದೆ.
ಜ್ವರಕ್ಕೆ ಕೊಡುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು,
ಆಗದವರ ಅನ್ನದಲ್ಲಿ ಕಲಸುವುದೂ ಮದ್ದೇ.
ಮೂರನೆಯದಕ್ಕೆ ನಕ್ಕ.
"ಆಲ್ಬಿಯ ಹೆಂಡತಿಯ ಸ್ಟ್ಯೂ."

ದುರ್ಗದ ಕೋಟೆಯಲ್ಲಿ ಮದ್ದು ಬೀಸುವ ಕಲ್ಲುಗಳಿವೆ,
ಶಾಲೆಯ ಟೂರಿನಲ್ಲಿ ಆ ಗುಂಡಿಗಿಳಿದು ಚುರುಮುರಿ ತಿಂದಿದ್ದೆವು.
ಬೀಸಿದ್ದರಲ್ಲಿ ಎಷ್ಟು ಸಿಡಿಯಿತು,
ಎಷ್ಟು ಥಂಡಿ ಹಿಡಿದು ಮೂಲೆಯಲ್ಲೇ ಸತ್ತಿತು,
ಮೇಷ್ಟ್ರು ಹೇಳಲಿಲ್ಲ.

ಇದು ಆ ಕಪ್ಪು ಮದ್ದಲ್ಲ, ಎಂದ ಟಕ್‌ವೆಲ್. ಹೊಗೆಯಿಲ್ಲದ್ದು.
ಹುಟ್ಟಿದಂದಿನಿಂದ ಒಳಗೊಳಗೇ ಹುಳಿ ಬಿಡುತ್ತದೆ.
ಆ ಹುಳಿ ಹೀರಲೆಂದು ಇನ್ನೇನನ್ನೋ ಚೂರು ಬೆರೆಸಿರುತ್ತಾರೆ
(ಮದ್ದಿಗೇ ಮದ್ದು, ಅಂದುಕೊಂಡೆ).
ಅದು ಹೀರುತ್ತದೆ, ಹೀರುತ್ತದೆ, ಒಂದು ದಿನ ತಾನೇ ತೀರುತ್ತದೆ.
ಬಿಸಿಲಿದ್ದರೆ ಬೇಗ.
ಆಮೇಲೆ ಮದ್ದು
ತನ್ನನ್ನೇ ತಿನ್ನಲು ಕೂರುತ್ತದೆ.

ಇವನ ಡಬ್ಬಿ ತೆರೆದು ಮೂಗಿಟ್ಟೆ.
ಉಗುರುಬಣ್ಣ ಒರೆಸುವ ದ್ರವದ ಘಾಟು, ಸ್ವಲ್ಪ ಸಿಹಿ.
ಪೆನ್ಸಿಲ್ಲಿನ ಸೀಸ ಕತ್ತರಿಸಿದಂಥ ಕಾಳುಗಳು
ಅಂಗೈಗೆ ಅಂಟದೆ ಜಾರಿದವು.
"ಚೆನ್ನಾಗಿದೆ."
ಅವನ ಭುಜ ಒಂದಿಷ್ಟು ಇಳಿಯಿತು.

ಆಲ್ಬಿಯದನ್ನು ಬಟ್ಟೆ ಸುತ್ತಿ ತಿರುಗಿಸಬೇಕಾಯಿತು.
ಮುಚ್ಚಳದ ಒಳಮೈ ತುಕ್ಕು.
ಕಾಳಿನ ಮೇಲೆ ಇಟ್ಟಿಗೆಪುಡಿಯಂಥ ಧೂಳು.
ಮೂಗಿಡುವ ಮೊದಲೇ ವಾಸನೆ ಎದ್ದು ಬಂತು,
ಮುಚ್ಚಿದ ಕಾರಿನಲ್ಲಿ ಬ್ಯಾಟರಿ ಸೋರಿದಂತೆ ಹುಳಿ, ಗಂಟಲು ಕೆರೆಯುವ ಹುಳಿ.
ಹೇಳಲು ತಡೆದೆ.
ರೋಗಿಗಳಿಗೆ ಹೇಳುವಾಗ ಇಷ್ಟು ತಡೆಯುವುದಿಲ್ಲ.

"ಹೋಗಿದೆ."
"ಹೂಂ. ಶೆಡ್ಡಿನಲ್ಲಿಡಬೇಡ ಅಂದಿದ್ದೆ.
ಎಂಬತ್ತೊಂಬತ್ತರಲ್ಲೇ ಅಂದಿದ್ದೆ."
ಡಬ್ಬಿಯ ಮೈ ಒಮ್ಮೆ ಸವರಿದ. ಮತ್ತೇನೂ ಅನ್ನಲಿಲ್ಲ.

ಹೊತ್ತಿಳಿದ ಮೇಲೆ ಹೊರಗೆ ಬಂದೆವು.
ಅರ್ಧ ಡ್ರಮ್ಮಿನಲ್ಲಿ ಅವನ ನಿಂಬೆಗಿಡ, ಆಚೆಗೆ ಎರಡು ಮಾರು ಹುಲ್ಲು.
"ತೆಳ್ಳಗೆ ಚೆಲ್ಲು, ಗೊಬ್ಬರ ಅದು. ಒಂದೇ ಕಡೆ ಬಿದ್ದರೆ ಬೇರು ಸುಡುತ್ತದೆ."
ರಂಗೋಲಿಯ ಕೈ ನನ್ನದು, ಚೆಲ್ಲಿದೆ, ನೀರು ಹನಿಸಿದೆ.
ಮೂವತ್ತು ಚಿಲ್ಲರೆ ವರ್ಷದ ಆಲ್ಬಿ
ಮಣ್ಣಿನ ಬಣ್ಣಕ್ಕೆ ತಿರುಗಿದ.

ಆಮೇಲೆ ಅವನಿಗೆ ಹಟ. ತನ್ನ ಡಬ್ಬಿಯದು ಒಂದೇ ಒಂದು.
ತಕ್ಕಡಿಯ ಮುಳ್ಳು ನಾನು ಓದಿದೆ, ಉಳಿದದ್ದು ಅವನ ಬೆರಳು.
ಅಗೆದ ಬಿಳಿಮಣ್ಣಿನ ದಿಬ್ಬಕ್ಕೆ ಆ ತುಕ್ಕಿನ ಮುಚ್ಚಳ ಒರಗಿಸಿ
ಹಿಂದೆ ಸರಿದು ಕಿವಿ ಮುಚ್ಚಿಕೊಂಡೆ.

ಢಮ್ಮೆಂದಿತು. ತಂತಿಯ ಮೇಲಿನ ಗುಲಾಬಿ ಗಿಳಿಗಳೆಲ್ಲ ಎದ್ದವು.
ದಿಬ್ಬದಲ್ಲಿ, ನಾಲ್ಕು ಮೊಳ ಎಡಕ್ಕೆ, ಹಿಡಿ ಧೂಳು.
ಮುಚ್ಚಳ ಅಲ್ಲಾಡಲಿಲ್ಲ.

"ಮಡ್ಡು," ಎಂದ ಟಕ್‌ವೆಲ್, ನಾಲಿಗೆ ಹೊರಳದೆ,
"ಚೆನ್ನಾಗಿದೆ."