ಸವಕಳಿ

ಹದಿನೆಂಟು ವರ್ಷದಿಂದ ಚಿಕ್ಕಬಳ್ಳಾಪುರದಲ್ಲಿ
ಉದ್ಯಮಶೀಲತೆ ಎಂಬ ಪೇಪರು ನನ್ನದು.
ಒಂದು ಪಾವು ಕಡಲೆಕಾಯಿ ಮಾರಿದವನಲ್ಲ ನಾನು.
ಹಲಗೆಯ ಮೇಲೆ ಎರಡು ಗೆರೆ ಎಳೆದು
ಅವು ಕೂಡುವ ಚುಕ್ಕಿಗೆ ಚಾಕ್‌ಪೀಸು ಒತ್ತಿ
“ಇಲ್ಲಿಂದಾಚೆ ಲಾಭ” ಅನ್ನುತ್ತೇನೆ.
ಕಿಟಕಿಯಾಚೆ ನಂದಿಬೆಟ್ಟ
ಮೋಡ ಹೊದ್ದು ಮಲಗಿರುತ್ತದೆ.
ಹಿಂದಿನ ಬೆಂಚೂ ಹಾಗೇ.

ಮುಬೀನಾ ಬರುತ್ತಿದ್ದದ್ದು ಶಿಡ್ಲಘಟ್ಟದಿಂದ,
ಏಳೂವರೆಯ ಬಸ್ಸಿಗೆ.
ಅವಳ ಪಕ್ಕದ ಜಾಗ ಸದಾ ಖಾಲಿ.
ಬೆಂದ ಗೂಡಿನ ವಾಸನೆ ಗೊತ್ತಲ್ಲ,
ಗೊತ್ತಿಲ್ಲದಿದ್ದರೆ ಹೇಳಿ ತಿಳಿಸುವಂಥದ್ದಲ್ಲ.
ಸೋಪಿಗೆ ಜಗ್ಗದು, ಅತ್ತರಿಗೆ ಅಂಜದು,
ಬುರ್ಖಾದ ಮಡಿಕೆಯಲ್ಲಿ ಕೂತು
ಅದೂ ದಿನಾ ಹಾಜರಿ ಕೊಡುತ್ತಿತ್ತು.

ಕೊನೆಯ ಸೆಮಿಸ್ಟರಿನ ವೈವಾ.
ನೂಲು ಬಿಚ್ಚಿದ ಮೇಲೆ ತಳದಲ್ಲಿ ಉಳಿಯುವ
ಸತ್ತ ಹುಳುವೇ ಅವಳ ಪ್ರಾಜೆಕ್ಟು.
ಮನೆಮನೆಯಿಂದ ಕೊಳ್ಳುವುದು, ಒಣಗಿಸುವುದು,
ಗಾಣಕ್ಕೆ ಹಾಕಿ ಎಣ್ಣೆ ತೆಗೆಯುವುದು,
ಹಿಂಡಿ ಮೀನಿಗೆ, ಕೋಳಿಗೆ.
ಬೆಂಗಳೂರಿಂದ ಬಂದ ಪರೀಕ್ಷಕರು ಟೈ ಸಡಿಲಿಸಿ ಕೇಳಿದರು:
“ನಾಳೆ ಪಕ್ಕದವನೂ ಇದನ್ನೇ ಶುರು ಮಾಡಿದರೆ?
ನಿನ್ನನ್ನು ಕಾಯುವುದು ಏನಮ್ಮ?”
“ವಾಸನೆ, ಸಾರ್.”
ಅವರು ನಕ್ಕರು. ನಾನೂ ನಕ್ಕೆ.
ಅವಳು ನಗಲಿಲ್ಲ.
ಅರವತ್ತೊಂದು ಅಂಕ.

ಮೂರು ವರ್ಷಕ್ಕೆ ಫೋನು.
“ಬ್ಯಾಂಕಿಗೆ ರಿಪೋರ್ಟು ಬೇಕಂತೆ, ಒಂದ್ಸಲ ನೋಡಿಕೊಡಿ.”

ಗೂಡಿನ ಮಾರುಕಟ್ಟೆ ದಾಟಿ ಎರಡನೇ ಗಲ್ಲಿ,
ತಗಡಿನ ಶೆಡ್ಡು, ನೀಲಿ ಟಾರ್ಪಾಲಿನ ಮೇಲೆ
ಹುರಿದ ಕಡಲೆಬೀಜದ ಬಣ್ಣದ ರಾಶಿ.
ಕಾಗೆ ಓಡಿಸಲು ಒಬ್ಬ ಹುಡುಗ, ಅವನಿಗೆ ಸಂಬಳ.
ನೋಟ್‌ಬುಕ್ಕು ತಂದಿಟ್ಟಳು.
ಮುಂಗಡ ಇಸಿದುಕೊಂಡು ಹುಳು ಕೊಡದವರ ಪಟ್ಟಿ:
ಹೆಸರು, ದುಡ್ಡು, ತಾರೀಕು,
ಆಮೇಲೆ ತಲೆಬರಹವಿಲ್ಲದ ನಾಲ್ಕನೇ ಕಾಲಂ.
ಮಗಳ ಬಾಣಂತನ.
ಬಾಯ್ಲರು ಒಡೆದಿದೆ.
ರಂಜಾನ್ ಕಳೀಲಿ, ಈಗ ಕೇಳಬಾರದು.
ಸುಳ್ಳು ಹೇಳ್ತಾಳೆ, ಆದರೂ ಕೊಡ್ತಾಳೆ.

“ಇದು ಯಾವ ಅಧ್ಯಾಯ?” ಅಂದೆ, ಮೇಷ್ಟರ ಚಪಲ.
“ಇದು ಅಮ್ಮೀದು ಸಾರ್. ನಿಮ್ಮದು ಮುಂದಿನ ಪುಟ.”

ಮುಂದಿನ ಪುಟದ ನೆತ್ತಿಯ ಮೇಲೆ
ದುಂಡಗಿನ ಅಕ್ಷರ: ಸವಕಳಿ.
ಗಾಣಕ್ಕೆ ಇಷ್ಟು, ತಕ್ಕಡಿಗೆ ಇಷ್ಟು,
ಹಳೇ ಟೆಂಪೋಗೆ ಸ್ವಲ್ಪ ಜಾಸ್ತಿ,
ಟಾರ್ಪಾಲು ಎರಡೇ ವರ್ಷ.
ಕಡೆಗೆ, ಅದೇ ನೀಲಿ ಶಾಯಿಯಲ್ಲಿ,
ಅಮ್ಮಿಯ ಬೆರಳು, ಹತ್ತು.
ತಿಂಗಳಿಗೆ ಎರಡು ಸಾವಿರ.

“ಮೂವತ್ತು ವರ್ಷ ಕುದಿನೀರಲ್ಲಿ ಎಳೆ ಹುಡುಕಿದಾವೆ ಸಾರ್.
ಸವೆಯೋದಕ್ಕೆಲ್ಲ ಮೊದಲೇ ಎತ್ತಿಡಬೇಕು ಅಂತ
ನೀವೇ ಹೇಳಿದ್ರಿ.
ಅದಕ್ಕೊಂದು ಹೆಸರಿದೆ ಅಂತ
ನಮ್ಮ ಬೀದೀಲಿ ಯಾರಿಗೂ ಗೊತ್ತಿರಲಿಲ್ಲ.”

ಬ್ಯಾಂಕು ಒಪ್ಪುವ ಸಾಲಲ್ಲ ಅದು.
ತೆಗೆದುಬಿಡು ಅಂದೆ.
ಬ್ಯಾಂಕಿನ ಪ್ರತಿಯಲ್ಲಿ ಮಾತ್ರ ಹೊಡೆದುಹಾಕಿದಳು.
ಅಷ್ಟರಲ್ಲಿ ಅವಳ ಅಮ್ಮ ಚಹಾ ತಂದರು,
ಸ್ಟೀಲ್ ಲೋಟ, ತಟ್ಟೆಯಿಲ್ಲದೆ, ಬರಿಗೈಯಲ್ಲಿ.
ನಾನು ತಗೊಂಡು ಹಿಡಿಯಲಾರದೆ
ತಟಕ್ಕನೆ ನೆಲಕ್ಕಿಟ್ಟೆ.
“ಬಿಸಿ ಇದೆಯಾ?” ಅಂದರು,
ನಿಜವಾಗಿಯೂ ಗೊತ್ತಿಲ್ಲದವರ ಹಾಗೆ.

ಸಂಜೆಯ ಬಸ್ಸು. ಕಿಟಕಿ ಪಕ್ಕ ಕೂತೆ.
ಪಕ್ಕ ಕೂತಿದ್ದಾತ ಒಮ್ಮೆ ಮೂಗೇರಿಸಿ
ಹಿಂದಿನ ಸೀಟಿಗೆ ಎದ್ದುಹೋದ.
ಕಂಡಕ್ಟರು ಚಿಲ್ಲರೆಯಿಲ್ಲವೆಂದು
ಟಿಕೆಟ್ಟಿನ ಬೆನ್ನಿಗೆ ಅರವತ್ತೈದು ಅಂತ ಗೀಚಿದ.
ಬಾಕಿ ವಸೂಲಿಯ ಬಗ್ಗೆ
ಹದಿನೆಂಟು ವರ್ಷ ಪಾಠ ಹೇಳಿದವನು
ಚಿಕ್ಕಬಳ್ಳಾಪುರ ಬಂದಾಗ ಇಳಿದುಹೋದೆ,
ಕೇಳುವುದನ್ನೇ ಮರೆತು,
ಬೆರಳು ಮೂಸುತ್ತ.