ಇಪ್ಪತ್ತೇಳು ಮಂಡಕ್ಕಿ ತೂಕ

ಎರಡನ್ನೂ ನನ್ನ ಮೇಜಿನ ಮೇಲಿಟ್ಟು
'ಯಾವುದು ಹಾಕಣ, ಕೊಟ್ರಕ್ಕ?' ಅಂದ ದಾದಾಪೀರ.
ಒಂದಕ್ಕೆ ಜಿರಲೆ ಮೀಸೆಯಂಥ ತಂತಿ.
ಇನ್ನೊಂದಕ್ಕೆ ಮೀಸೆಯಿಲ್ಲ, ನೆತ್ತಿಯ ಮೇಲೆ
ಸಕ್ಕರೆ ಹರಳಿನಷ್ಟು ಬಿಳಿ ಗುಬುಟು, ಅಷ್ಟೆ.
ಎರಡೂ ರಿಸೀವರುಗಳೇ. ಎರಡೂ ಉಗುರಿನ ಮೇಲೆ ಕೂರುತ್ತವೆ.
ಮಂಡಿಪೇಟೆಯಲ್ಲಿ ಮೊಬೈಲ್ ರಿಪೇರಿಗೆ ಕೂತು ಹನ್ನೊಂದು ವರ್ಷ,
ಇಷ್ಟು ಸಣ್ಣ ಕಿವಿ ನಾನು ಕಂಡಿರಲಿಲ್ಲ.

ಪಕ್ಕದ ಪತ್ತಾರರ ತಕ್ಕಡಿಗೆ ಒಯ್ದ.
ಜೇಬಿನಲ್ಲಿ ಸದಾ ಇರುವ ಅವರ ಭಟ್ಟಿಯ ಮಂಡಕ್ಕಿ
ಒಂದೊಂದೇ ಆಚೆ ತಟ್ಟೆಗೆ ಹಾಕುತ್ತ ಹೋದ.
ಮೀಸೆಯದು ಮೂವತ್ತನಾಲ್ಕು. ಮೀಸೆಯಿಲ್ಲದ್ದು ಇಪ್ಪತ್ತೇಳು.
ಇಪ್ಪತ್ತೆಂಟನೆಯದನ್ನು ಪತ್ತಾರರು ಬಾಯಿಗೆ ಹಾಕಿಕೊಂಡರು.

'ತಂತಿಯದು ದೂರದ್ದು ಕೇಳುತ್ತೆ' ಅಂದೆ.
'ದೂರ ಯಾರಿಗೆ ಬೇಕಕ್ಕ? ನಾವು ಹಾರಿಸೋದು
ಮುಚ್ಚಿದ ಕಾಟನ್ ಮಿಲ್ಲಿನ ಅಂಗಳದಾಗ,
ಈ ಕಂಬದಿಂದ ಆ ಕಂಬಕ್ಕೆ. ತಂತಿ ಇದ್ರೆ
ಮೊದಲನೇ ಸುತ್ತಿಗೇ ರೆಕ್ಕೆ ತಿಂದು ಹಾಕ್ತೈತಿ.'
ಹದಿನಾರು ವರ್ಷದ ಹುಡುಗ.
ಅವನ ಲೆಕ್ಕವೇ ಸರಿಯಿತ್ತು.

ನಾಲ್ಕೇ ವೈರು. ಕೆಂಪು, ಕಪ್ಪು ಸುಲಭ.
ಉಳಿದೆರಡರಲ್ಲಿ ಎಡವಿದೆ:
ಬಾಯಿಗೆ ಬಾಯಿ ಬೆಸೆದೆ, ಕಿವಿಗೆ ಕಿವಿ.
ಇಬ್ಬರೂ ಆಡುತ್ತಾರೆ, ಯಾರಿಗೂ ಕೇಳದು,
ನಮ್ಮ ಓಣಿಯ ನಲ್ಲಿಕಟ್ಟೆಯ ಹಾಗೆ.
ಬಿಸಿತುದಿ ತಾಗಿಸಿ ಬಿಡಿಸಿ, ಉಸಿರು ಹಿಡಿದು
ಬಾಯಿಗೆ ಕಿವಿ, ಕಿವಿಗೆ ಬಾಯಿ ಹಚ್ಚಿದೆ.
ರಾಳದ ಹೊಗೆಗೆ ಅವ್ವ ಕೆಮ್ಮಿದಳು.

ಅವ್ವ ಅದೇ ಮಿಲ್ಲಿನಲ್ಲಿ ಇಪ್ಪತ್ತು ವರ್ಷ
ನೂಲು ಹರಿದಲ್ಲೆಲ್ಲ ಗಂಟು ಹಾಕಿದವಳು.
ಎರಡೂ ಕಿವಿಗಳನ್ನು ಆ ಸದ್ದಿಗೇ ಕೊಟ್ಟು ಬಂದಳು.
ಈಗ ತುಟಿ ನೋಡಿ ಮಾತು ಹಿಡಿಯುತ್ತಾಳೆ.
ನಾನು ತಲೆ ಬಗ್ಗಿಸಿ ಕೆಲಸಕ್ಕೆ ಕೂತರೆ
ಅವಳ ಪಾಲಿಗೆ ಅಂಗಡಿ ಖಾಲಿ.

ಆಮೇಲೆ ಗುಟ್ಟುಮಾತು.
ರಿಮೋಟಿಗೂ ರಿಸೀವರಿಗೂ ಒಂದೇ ಮಾತು ಬರೆದುಕೊಡಬೇಕು,
ಆಗಲೇ ಒಂದನ್ನೊಂದು ಗುರುತು ಹಿಡಿಯುವುದು.
ಹೋದ ಸಲ ಒಂದು ಎರಡು ಮೂರು ನಾಲ್ಕು ಅಂತಿಟ್ಟಿದ್ದನಂತೆ.
ಹರಿಹರದ ಹುಡುಗನದೂ ಅದೇ!
ಅವನ ಹೆಬ್ಬೆರಳು ಅಲುಗಿದ್ದಕ್ಕೆ ಇವನ ಡ್ರೋನು ಎದ್ದು
ಚಹಾ ಗಾಡಿಯ ಬನ್ನಿನ ಡಬ್ಬಿ ಒಡೆದಿತ್ತು.
ಈ ಸಲ ನನಗೂ ತೋರಿಸದೆ, ಬೆನ್ನು ತಿರುಗಿಸಿ ಒತ್ತಿದ.
ಪಟಪಟ ಮಿನುಗುತ್ತಿದ್ದ ದೀಪ
ನಿಂತು ಉರಿಯಿತು.
'ಅದಕ್ಕೆ ಕೇಳಿಸ್ತು' ಅಂದಳು ಅವ್ವ, ನಮಗಿಂತ ಮೊದಲು.

ರೆಕ್ಕೆ ಬಿಚ್ಚಿಟ್ಟು ಕೋಲು ಆಡಿಸಿ ನೋಡಿದೆವು.
ಎಡಕ್ಕೆ ತಳ್ಳಿದರೆ ಮೇಲೇರುವ ಗೆರೆ,
ಮೇಲಕ್ಕೆ ತಳ್ಳಿದರೆ ಎಡಕ್ಕೆ. ಅದನ್ನೂ ತಿದ್ದಿದ್ದಾಯಿತು.

ಕೊನೆಗೆ ಕಂಪ್ಯೂಟರಿನ ಪರದೆ ಕೇಳಿತು:
ಸಿಗ್ನಲ್ ತಪ್ಪಿದರೆ ಏನು ಮಾಡಬೇಕು?
'ಮೆಲ್ಲಗೆ ಇಳಿಯಲಿ' ಅನ್ನುವುದರಲ್ಲಿದ್ದೆ.
'ಬೀಳ್ಬೇಕು' ಅಂದ ದಾದಾಪೀರ.
'ಹಿಂದಿನ ಮಾತೇ ಹಿಡ್ಕಂಡು ಹಂಗೇ ಹೊಂಟ್ರೆ
ಯಾರದಾರ ಮುಖಕ್ಕೆ ಹೋಗ್ತೈತಿ.
ಕೇಳಿಸಲಿಲ್ಲಾ? ಅಲ್ಲೇ ಬೀಳ್ಬೇಕು.'
ಬೀಳು ಅನ್ನುವುದಕ್ಕೇ ಗುರುತು ಹಾಕಿದೆ,
ಬೆರಳು ತುಸು ತಡೆದರೂ.

ಭಾನುವಾರ, ಭಟ್ಟಿಗಳ ಓಣಿ.
ಹೊಟ್ಟಿನ ಹೊಗೆ ಕಾರುವ ತಗಡಿನ ಚಿಮಣಿಗಳ ನಡುವೆ
ಎದ್ದಿತು, ಕಿರುಚಿತು, ಎರಡನ್ನು ಬಳಸಿತು,
ಮೂರನೆಯದರ ಹಿಂದೆ ಮರೆಯಾಗಿ
ಹುರಿಯಲು ಹರವಿದ್ದ ಅಕ್ಕಿಯೊಳಗೆ
ಕಲ್ಲಿನಂತೆ ಬಿತ್ತು.
ಹೇಳಿಕೊಟ್ಟ ಹಾಗೆಯೇ.

ದಾದಾಪೀರನ ಅಬ್ಬಾ ಒದರಿದ್ದು ಎರಡು ಓಣಿಗೆ ಕೇಳಿತು,
ನಾವಿಬ್ಬರೂ ಇದ್ದಲ್ಲೇ ನಿಂತೆವು.
ಅವ್ವ ಮಾತ್ರ ಸೀದಾ ನಡೆದುಹೋಗಿ
ಅದನ್ನೆತ್ತಿ, ಅಕ್ಕಿ ಊದಿ, ಅಂಗೈಯಲ್ಲಿಟ್ಟುಕೊಂಡು
ಮತ್ತೆ ಮಿನುಗತೊಡಗಿದ್ದ ದೀಪ ನೋಡಿದಳು.
'ಹುಡುಕ್ತಾ ಐತಿ ಇನ್ನೂ' ಅಂದಳು,
ನನ್ನ ತುಟಿಯ ಕಡೆ ತಿರುಗಿ.