ಮೂರನೆಯ ಕೂಗು

ಕಡೂರು ಕೋರ್ಟಿನ ಪಡಸಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ
ಹೆಸರು ಕೂಗಿದವಳು ನಾನು.
ಒಂದೊಂದು ಹೆಸರು ಮೂರು ಸಲ,
ಬಿನ್, ಕೋಂ, ಲೇಟ್, ವಾಸ, ಹೋಬಳಿ
ಎಲ್ಲ ಸೇರಿಸಿ ಒಂದೇ ಉಸಿರಿಗೆ.
ಗಂಡ ಸತ್ತ ಮೇಲೆ ಅನುಕಂಪದಲ್ಲಿ ಸಿಕ್ಕ ಕೆಲಸ.
ಅನುಕಂಪ ಆದೇಶದ ತಲೆಬರಹದಲ್ಲಿತ್ತು,
ಸಂಬಳ ಕೊನೆಯ ಸಾಲಿನಲ್ಲಿ.

ಸೇರಿದ ದಿನವೇ ಶಿರಸ್ತೇದಾರರು ಹೇಳಿದ್ದರು:
"ಗಂಗಮಾಳಮ್ಮ, ಇಲ್ಲಿ ಬಾಯಿ ಇರೋದು ಕೂಗೋಕೆ ಮಾತ್ರ."
ಹಾಗೇ ಇದ್ದೆ.
ತಮ್ಮನನ್ನು ಕೊಂದವನು ಬಾಗಿಲ ಸಂದಿಯಲ್ಲಿ ಕೂತು
ಮೊಸರನ್ನ ಉಣ್ಣುವುದ ಕಂಡೆ.
ಗೆದ್ದವಳು ಮೆಟ್ಟಿಲ ಮೇಲೆ ಅಳುವುದ ಕಂಡೆ.
ಕರಿ ಕೋಟಿನ ಬೆವರಿನ ವಾಸನೆಗೇ
ಬಂದ ವಕೀಲರು ಯಾರೆಂದು ತಿಳಿಯುತ್ತಿತ್ತು.
ಅಭಿಪ್ರಾಯ ಮಾತ್ರ ಇರಲಿಲ್ಲ.

ಈಗ ನಿವೃತ್ತಿ. ಸಂಜೆ ಆರಕ್ಕೆ
ಬಿ.ಎಚ್. ರಸ್ತೆಯಲ್ಲಿ ತಿಪ್ಪೇಶಿಯ ಬೇಕರಿ,
ಖಾರಾ ಬನ್ನು, ಅರ್ಧ ಟೀ, ಗೋಡೆಯ ಟೀವಿ.
ಇವತ್ತು ಯಾರೋ ದೊಡ್ಡವರ ಜಾಮೀನು.
ಬೆಳಿಗ್ಗೆ ಬಂಧನ, ಮಧ್ಯಾಹ್ನ ಎದೆನೋವು,
ದೀಪ ಹಚ್ಚುವ ಹೊತ್ತಿಗೆ ಪಟಾಕಿ,
ಕ್ರೇನಿಗೆ ನೇತುಹಾಕಿದ ಸೇಬಿನ ಹಾರ.

"ಕಾನೂನು ಸತ್ತೋಯ್ತು" ಅಂದ ಕಾಯಿ ಮಂಡಿಯ ಷಡಕ್ಷರಿ.
"ಎಲ್ಲಾ ಪಿತೂರಿ" ಅಂದರು ಡ್ರಿಲ್ ಮಾಸ್ಟರು ಇಗ್ನೇಷಿಯಸ್.
ತಿಪ್ಪೇಶಿ ಇಬ್ಬರ ಲೆಕ್ಕದ ಬುಕ್ಕೂ ನೋಡಿ
ಎರಡಕ್ಕೂ ಹೌದು ಅಂದ.
ಸೆಕ್ಷನ್ನಿನ ನಂಬರುಗಳೇ ಬದಲಾಗಿವೆ ಅಂತ
ಯಾರೋ ಮೊಬೈಲು ನೋಡಿ ಓದಿದರು.
ನನಗಿನ್ನೂ ಕಳ್ಳತನ ಅಂದರೆ
ಮುನ್ನೂರ ಎಪ್ಪತ್ತೊಂಬತ್ತೇ.

ಆಮೇಲೆ ಎಲ್ಲ ನನ್ನ ಕಡೆ ತಿರುಗಿದರು:
"ನೀವು ಒಳಗಿದ್ದವರು. ನಿಮ್ಮ ಅಭಿಪ್ರಾಯ ಏನು?"

ಬನ್ನು ಬಾಯಲ್ಲೇ ಇತ್ತು.

ನೆನಪಾದದ್ದು ಟೀವಿಯವರಲ್ಲ,
ಠಾಕ್ರಾನಾಯ್ಕ ಬಿನ್ ಲೇಟ್ ಸೋಮ್ಲಾನಾಯ್ಕ,
ಯಗಟಿ ಹೋಬಳಿ. ಬೋರಿನ ಕೇಬಲ್ ಕದ್ದ ಆರೋಪ.
ಅವನಿಗೂ ಆಗಿತ್ತು ಜಾಮೀನು, ಐದನೇ ದಿನಕ್ಕೇ.
ಸಾಹೇಬರು ಒಳ್ಳೆಯವರು. ಕಾನೂನು ಸತ್ತಿರಲಿಲ್ಲ.
ಬೇಕಾದದ್ದು ಒಬ್ಬ ಜಾಮೀನುದಾರ,
ಅವನ ಹೆಸರಲ್ಲೊಂದು ಪಹಣಿ.
ತಾಂಡಾದ ನಲವತ್ತು ಮನೆ ಹುಡುಕಿದರೂ
ಪಹಣಿ ಇದ್ದದ್ದು ಒಬ್ಬನಿಗೆ,
ಅವನೇ ದೂರುದಾರ.
ಜಾಮೀನು ಸಿಕ್ಕವನು ಹನ್ನೊಂದು ತಿಂಗಳು
ಚಿಕ್ಕಮಗಳೂರು ಜೈಲಲ್ಲಿದ್ದ.

ಅವನ ಹೆಂಡತಿ ಸಕ್ರಿಬಾಯಿ ಪಡಸಾಲೆಯಲ್ಲಿ
ಒಮ್ಮೆ ನನ್ನ ಸೆರಗು ಮುಟ್ಟಿ ಕೇಳಿದಳು:
"ಅವ್ವಾ, ನಿನ್ ಹೆಸ್ರಲ್ಲಿ ಜಮೀನೈತಂತೆ."
ಐತೆ. ಪಂಚನಹಳ್ಳಿ ಕಡೆ ಒಂದೂವರೆ ಎಕರೆ,
ರಾಗಿ, ಹದಿನಾರು ತೆಂಗು.
"ನಾವು ಸಿಬ್ಬಂದಿ, ನಿಲ್ಲೋಹಂಗಿಲ್ಲಮ್ಮ, ರೂಲ್ಸಿದೆ" ಅಂದೆ.
ರೂಲ್ಸು ಇದೆಯೋ ಇಲ್ಲವೋ
ಇವತ್ತಿನವರೆಗೂ ತೆಗೆದು ನೋಡಿಲ್ಲ.

ಇದ್ಯಾವುದನ್ನೂ ಬೇಕರಿಯಲ್ಲಿ ಹೇಳಲಿಲ್ಲ.
"ಎಲ್ಲಾ ಮೇಲಿನವರಿಗೆ ಗೊತ್ತು" ಅಂದೆ.
"ನೋಡ್ರಪ್ಪ, ಅನುಭವಸ್ಥರು!" ಅಂತ ಷಡಕ್ಷರಿ
ನನ್ನ ಟೀ ದುಡ್ಡೂ ಕೊಟ್ಟ.

ಮಾರನೇ ದಿನ ನಾಡಕಚೇರಿಯ ಸರತಿಯಲ್ಲಿ ನಿಂತು
ಹೊಸ ಪಹಣಿ ತೆಗೆಸಿದೆ. ಮಡಿಸಿ ಚೀಲದಲ್ಲಿಟ್ಟು
ಕೋರ್ಟಿನ ಗೇಟಿನಾಚೆ ಹುಣಸೆ ನೆರಳಲ್ಲಿ ಕೂತೆ,
ಯಾರಾದರೂ ಸೆರಗು ಮುಟ್ಟಲಿ ಅಂತ.
ಬಂದವನು ವಕೀಲರೊಬ್ಬರ ಗುಮಾಸ್ತ, ಎಳೆ ಹುಡುಗ.
ಇಣುಕುವ ಕಾಗದದ ಗುರುತು ಹಿಡಿದು
ದನಿ ತಗ್ಗಿಸಿ ಕೇಳಿದ:
"ಅಜ್ಜಿ, ಒಂದು ಕೇಸಿಗೆ ಎಷ್ಟು ತಗೋತೀರಿ?"

ಒಳಗೆ ನನ್ನ ಜಾಗಕ್ಕೆ ಬಂದವಳು ಕೂಗುತ್ತಿದ್ದಳು.
ಉಸಿರು ಸಾಲದು ಅವಳಿಗೆ,
ಎರಡನೇ ಸಲಕ್ಕೇ ನಿಲ್ಲಿಸಿದಳು.
ಮೂರನೆಯದಕ್ಕೆ ಕಾದೆ.